ಹನೋಯಿಂದ ಸೈಗಾನ್‌ಗೆ ರೈಲಲ್ಲಿ: ಹೊರಡೋ ಮುಂಚೆ ಪಟ್ಟ ಪಾಡು

ಮೊನ್ನೆಯಷ್ಟೇ ವಾಪಸ್ ಬಂದಿದ್ದೇವೆ. ಸೂಟ್‌ಕೇಸ್ ಇನ್ನೂ ಪೂರ್ತಿ ಖಾಲಿ ಮಾಡಿಲ್ಲ. ಮರೆಯೋ ಮುಂಚೆ ಬರೆದುಬಿಡೋಣ ಅಂತ ಕೂತಿದ್ದೇನೆ, ಯಾಕಂದ್ರೆ ನಾವು ಹೊರಡುವಾಗ ಕನ್ನಡದಲ್ಲಿ ಹುಡುಕಿದರೆ ವಿಯೆಟ್ನಾಂ ಪ್ಯಾಕೇಜ್ ಟೂರ್ ಬಗ್ಗೆ ಬೇಕಾದಷ್ಟು ಸಿಕ್ಕಿತು, ರೈಲಿನ ಬಗ್ಗೆ ಏನೂ ಸಿಗಲಿಲ್ಲ.

ಹೋದವರು ನಾನು, ಅಪ್ಪ, ಅಮ್ಮ. ಅವರಿಬ್ಬರಿಗೂ ಅರವತ್ತು ದಾಟಿದೆ. ಅಮ್ಮನಿಗೆ ಮಂಡಿ ನೋವು. ಮೂವರೂ ಸಸ್ಯಾಹಾರಿಗಳು, ಮೊಟ್ಟೆ ಕೂಡ ಇಲ್ಲ. ಹನೋಯಿಂದ ಸೈಗಾನ್‌ಗೆ ಎರಡು ಗಂಟೆ ಚಿಲ್ಲರೆಯಲ್ಲಿ ವಿಮಾನ ಹೋಗುತ್ತೆ, ಸುಮ್ನೆ ಯಾಕೆ ಈ ಒದ್ದಾಟ ಅಂತ ನೆಂಟರೆಲ್ಲ ಕೇಳಿದರು. ಕಾರಣ ಅಪ್ಪ. ಅರಸೀಕೆರೆ, ಹಾಸನದ ಕಡೆ ಮೀಟರ್ ಗೇಜ್, ಅಂದರೆ ಒಂದು ಮೀಟರ್ ಅಗಲದ ಕಿರಿದಾದ ಹಳಿ, ಇದ್ದ ಕಾಲದಲ್ಲಿ ಓಡಾಡಿದ ಮನುಷ್ಯ ಅವರು. ವಿಯೆಟ್ನಾಂನ ಈ ಮುಖ್ಯ ಲೈನು ಇವತ್ತಿಗೂ ಮೀಟರ್ ಗೇಜೇ ಅಂತ ಎಲ್ಲೋ ಓದಿದ್ದರು. ಅಷ್ಟು ಸಾಕಾಯಿತು.

ಲೈನಿನ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ, ಪ್ಲಾನ್ ಮಾಡೋಕೆ ಬೇಕಾಗುತ್ತೆ. ಹನೋಯಿಂದ ಸೈಗಾನ್‌ಗೆ, ಅಂದರೆ ಈಗಿನ ಹೋ ಚಿ ಮಿನ್ ಸಿಟಿಗೆ, 1,726 ಕಿ.ಮೀ. ಫ್ರೆಂಚರ ಕಾಲದಲ್ಲಿ 1899ರಲ್ಲಿ ಕೆಲಸ ಶುರುವಾಗಿ 1936ಕ್ಕೆ ಪೂರ್ತಿಯಾಯಿತು. 1954ರಲ್ಲಿ ದೇಶ ಎರಡಾದಾಗ ಲೈನೂ ಎರಡಾಯಿತು. ಯುದ್ಧ ಮುಗಿದ ಮೇಲೆ ಸೇತುವೆ, ಸುರಂಗ ಎಲ್ಲ ರಿಪೇರಿ ಮಾಡಿ 1976ರ ಡಿಸೆಂಬರ್ ಕೊನೆಯಲ್ಲಿ ಮತ್ತೆ ತುದಿಯಿಂದ ತುದಿಗೆ ರೈಲು ಬಿಟ್ಟರು. ಈಗಲೂ ಒಂಟಿ ಹಳಿ. ಎದುರಿಂದ ರೈಲು ಬಂದರೆ ಯಾವುದೋ ಸ್ಟೇಷನ್ನಿನಲ್ಲಿ ಕ್ರಾಸಿಂಗಿಗೆ ಕಾಯಬೇಕು. ಹಾಗಾಗಿ ಇಡೀ ದೂರಕ್ಕೆ ಮೂವತ್ತು ಗಂಟೆಗಿಂತ ಜಾಸ್ತಿಯೇ ಹಿಡಿಯುತ್ತೆ.

ಒಂದೇ ಉಸಿರಿಗೆ ಇಡೀ ದೂರ ಹೋಗಬೇಡಿ. ವಯಸ್ಸಾದವರನ್ನು ಕರೆದುಕೊಂಡು ಹೋಗೋದಾದರೆ ಅಂತೂ ಬೇಡವೇ ಬೇಡ. ಈ ಲೈನಿನಲ್ಲಿ ಕಣ್ಣು ತುಂಬ ನೋಡಬೇಕಾದ ಜಾಗ ದೇಶದ ಮಧ್ಯಭಾಗದಲ್ಲಿ, ಹುವೆ ಅನ್ನೋ ಊರಿಂದ ದಾ ನಾಂಗ್ ಅನ್ನೋ ಊರಿನವರೆಗಿನ 103 ಕಿ.ಮೀ. ಅದು ಹಗಲಲ್ಲಿ ಬರಬೇಕು. ಮೊದಲು ಅದನ್ನು ಒಂದು ಬೆಳಿಗ್ಗೆಗೆ ಗೊತ್ತು ಮಾಡಿಕೊಳ್ಳಿ, ಆಮೇಲೆ ಅದರ ಹಿಂದೆ ಮುಂದೆ ರಾತ್ರಿ ರೈಲು ಜೋಡಿಸಿ. ನಾವು ಹಾಗೇ ಮಾಡಿದೆವು. ಹನೋಯಿಂದ ಹುವೆಗೆ 688 ಕಿ.ಮೀ. ರಾತ್ರಿ ಪ್ರಯಾಣ. ಹುವೆಯಲ್ಲಿ ಉಳಿದುಕೊಂಡು ಬೆಳಿಗ್ಗೆ ದಾ ನಾಂಗ್‌ಗೆ. ಅಲ್ಲಿ ಮತ್ತೆ ಉಳಿದುಕೊಂಡು, ಸೈಗಾನ್‌ವರೆಗಿನ 935 ಕಿ.ಮೀ.ಗೆ ಇನ್ನೊಂದು ರಾತ್ರಿ. ಬ್ರೋಕರ್‌ಗಳು, ಟೂರ್‌ನವರು ಕೊಡೋ ಪ್ಲಾನ್‌ಗಳಲ್ಲಿ ಎಷ್ಟೋ ಸಲ ಈ ಹುವೆ-ದಾ ನಾಂಗ್ ತುಂಡೇ ಕತ್ತಲಲ್ಲಿ ಹೋಗಿಬಿಡುತ್ತೆ, ನೋಡಿಕೊಳ್ಳಿ.

ಇನ್ನು ವೀಸಾ. ನಮ್ಮ ಗೋಳು ಶುರುವಾಗಿದ್ದೇ ಇಲ್ಲಿ.

ಭಾರತದವರಿಗೆ ವಿಯೆಟ್ನಾಂ ಇ-ವೀಸಾ ಸಿಗುತ್ತೆ. 2023ರ ಆಗಸ್ಟ್‌ನಿಂದ 90 ದಿನದವರೆಗೆ ಕೊಡುತ್ತಾರೆ. ಒಂದೇ ಸಲ ಒಳಗೆ ಹೋಗೋದಕ್ಕೆ 25 ಡಾಲರ್, ಹಲವು ಸಲಕ್ಕೆ 50 ಡಾಲರ್. ಪಾಸ್‌ಪೋರ್ಟ್‌ನ ಫೋಟೋ ಇರುವ ಪುಟ, ನಿಮ್ಮ ಒಂದು ಫೋಟೋ ಅಪ್‌ಲೋಡ್ ಮಾಡಬೇಕು, ಯಾವ ಏರ್‌ಪೋರ್ಟ್‌ನಿಂದ ಒಳಗೆ ಹೋಗ್ತೀರಿ ಅಂತ ಆರಿಸಬೇಕು. ಅಷ್ಟೇ. ಅರ್ಧ ಗಂಟೆ ಕೆಲಸ. ಆದರೆ ಸರ್ಕಾರಿ ಜಾಲತಾಣದ ಹಾಗೇ ಕಾಣುವ ಖಾಸಗಿಯವರ ತಾಣಗಳು ಹುಡುಕಿದ ತಕ್ಷಣ ಮೇಲೆ ಬರುತ್ತವೆ, ಅವರು ಎರಡು ಪಟ್ಟು ಮೂರು ಪಟ್ಟು ಕೇಳುತ್ತಾರೆ. ವಿಳಾಸದ ಕೊನೆಯಲ್ಲಿ ವಿಯೆಟ್ನಾಂ ಸರ್ಕಾರದ್ದೇ ಗುರುತು (.gov.vn) ಇದೆಯಾ ನೋಡಿ.

ಅಪ್ಪ ಅವರ ಪರಿಚಯದ ಒಬ್ಬ ಏಜೆಂಟ್‌ಗೇ ಕೊಡೋಣ ಅಂದರು. ಕೊಟ್ಟೆವು. ಅಪ್ಪನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಅನ್ನೋ ಕಾಲಂ ಖಾಲಿ. ನಮ್ಮ ಕಡೆ ಎಷ್ಟು ಜನರದ್ದು ಹಾಗೇ ಇರುತ್ತೆ ಅಲ್ವಾ? ಊರು, ಅಪ್ಪನ ಹೆಸರು, ತನ್ನ ಹೆಸರು ಎಲ್ಲ ಸೇರಿ ಗಿವನ್ ನೇಮ್ ಕಾಲಂನಲ್ಲೇ ಉದ್ದಕ್ಕೆ ಕೂತಿರುತ್ತೆ. ಆ ಪುಣ್ಯಾತ್ಮ ಅದರ ಕೊನೆಯ ಪದವನ್ನು ಕಿತ್ತು ಸರ್‌ನೇಮ್ ಮಾಡಿ, ಮಧ್ಯದ್ದೊಂದನ್ನು ಬಿಟ್ಟೇಬಿಟ್ಟಿದ್ದ. ವೀಸಾ ಬಂದಾಗ ನೋಡಿದರೆ ಪಾಸ್‌ಪೋರ್ಟ್‌ನಲ್ಲಿ ಒಂದು ಹೆಸರು, ವೀಸಾದಲ್ಲಿ ಇನ್ನೊಂದು ಹೆಸರು. ಫೋನ್ ಮಾಡಿದರೆ, "ಏನೂ ಆಗಲ್ಲ ಬಿಡಿ, ಎಲ್ಲರದ್ದೂ ಹಿಂಗೇ ಇರುತ್ತೆ" ಅಂದ. ಅಪ್ಪನಿಗೆ ಆ ಮಾತು ಸಮಾಧಾನ ಕೊಟ್ಟಿತು. ನನಗೆ ಕೊಡಲಿಲ್ಲ. ಏರ್‌ಪೋರ್ಟ್ ಕೌಂಟರಿನಲ್ಲಿ ಎಪ್ಪತ್ತರ ಹತ್ತಿರದ ಮನುಷ್ಯನನ್ನು ಪಕ್ಕಕ್ಕೆ ನಿಲ್ಲಿಸಿ, "ಸರ್, ಹೆಸರು ಹೊಂದಲ್ಲ" ಅಂದರೆ ಏನು ಮಾಡೋದು? ಮತ್ತೆ ಹೊಸದಾಗಿ, ಈ ಸಲ ನಾವೇ ಅರ್ಜಿ ಹಾಕಿದೆವು. ಕಟ್ಟಿದ 25 ಡಾಲರ್ ವಾಪಸ್ ಬರಲ್ಲ, ಅದು ಹೋಯಿತು.

ನಿಮಗೆ ಹೇಳೋದು ಇಷ್ಟು. ಪಾಸ್‌ಪೋರ್ಟ್‌ನ ಫೋಟೋ ಪುಟದ ಕೆಳಗೆ ಬಾಣದ ಗುರುತುಗಳ ಜೊತೆ ಎರಡು ಸಾಲು ಇರುತ್ತಲ್ಲ, ಯಂತ್ರ ಓದೋದು ಅದನ್ನೇ. ಅಲ್ಲಿ ಹೆಸರು ಯಾವ ಕ್ರಮದಲ್ಲಿದೆಯೋ ಅದೇ ಕ್ರಮ, ಅದೇ ಅಕ್ಷರ, ವೀಸಾಕ್ಕೂ, ವಿಮಾನದ ಟಿಕೆಟ್‌ಗೂ, ರೈಲಿನ ಟಿಕೆಟ್‌ಗೂ. ಇನಿಷಿಯಲ್ ಇದ್ದರೆ ಇನಿಷಿಯಲ್. ಬಿಡಿಸಿದ್ದರೆ ಬಿಡಿಸಿದ್ದೇ. ಮತ್ತೆ ವೀಸಾ ಬರೋಕೆ ಮೂರು ಕೆಲಸದ ದಿನ ಅಂತ ಹೇಳಿದರೂ ಅದನ್ನೇ ನಂಬಿ ಕೂರಬೇಡಿ. ಅಲ್ಲಿ ಏಪ್ರಿಲ್ 30, ಮೇ 1, ಸೆಪ್ಟೆಂಬರ್ 2 ರಜೆ. ಟೆಟ್ ಅನ್ನೋ ಅವರ ಹೊಸವರ್ಷಕ್ಕೆ, ಅದು ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಬರುತ್ತೆ, ಆಫೀಸುಗಳೆಲ್ಲ ಮುಚ್ಚಿರುತ್ತವೆ. ಟೆಟ್ ಹೊತ್ತಿಗೆ ರೈಲಿನ ಬರ್ತ್ ಆಸೆಯನ್ನೂ ಬಿಟ್ಟುಬಿಡಿ, ಇಡೀ ದೇಶ ಊರಿಗೆ ಹೊರಟಿರುತ್ತೆ.

ವೀಸಾ ಬರೋವರೆಗೆ ಟಿಕೆಟ್ ಮಾಡಿಸೋದಾ ಬೇಡವಾ ಅನ್ನೋ ತಲೆನೋವು ಬೇರೆ. ನಮ್ಮಲ್ಲಿನ ಹಾಗೆ ವೇಟಿಂಗ್ ಲಿಸ್ಟ್, ಆರ್‌ಎಸಿ ಅಂತ ನಮಗೆ ಎಲ್ಲೂ ಕಾಣಲಿಲ್ಲ. ಬರ್ತ್ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಕೆಳಗಿನ ಬರ್ತ್‌ಗಳು ಮೊದಲು ಖಾಲಿಯಾಗುತ್ತವೆ. ಅಮ್ಮನ ಮಂಡಿಗೆ ಕೆಳಗಿನದೇ ಬೇಕು. ಕೊನೆಗೆ ಅಮ್ಮನೇ, "ವೀಸಾ ಬಂದೇ ಬರುತ್ತೆ, ಮಾಡ್ಸು" ಅಂದರು. ಟಿಕೆಟ್ ರದ್ದು ಮಾಡಿದರೆ ಸ್ವಲ್ಪ ಕಡಿತವಾಗಿ ಉಳಿದದ್ದು ಬರುತ್ತೆ ಅನ್ನೋದೂ ಧೈರ್ಯ ಕೊಟ್ಟಿತು.

ವಿಯೆಟ್ನಾಂ ರೈಲ್ವೆಯ ಜಾಲತಾಣದಲ್ಲಿ ಇಂಗ್ಲಿಷ್ ಇದೆ. ಬೋಗಿಯ ಚಿತ್ರ ಬಂದು, ಯಾವ ಬರ್ತ್ ಖಾಲಿ ಅಂತ ಬಣ್ಣದಲ್ಲಿ ತೋರಿಸುತ್ತೆ, ಬೆರಳಿಟ್ಟು ಆರಿಸಬಹುದು. ಪ್ರತಿಯೊಬ್ಬರ ಹೆಸರು, ಪಾಸ್‌ಪೋರ್ಟ್ ನಂಬರ್ ಕೇಳುತ್ತೆ. ಆರಿಸಿದ ಬರ್ತ್ ಸ್ವಲ್ಪ ಹೊತ್ತು ಮಾತ್ರ ನಿಮ್ಮ ಹೆಸರಲ್ಲಿ ನಿಲ್ಲುತ್ತೆ, ಅಷ್ಟರೊಳಗೆ ದುಡ್ಡು ಕಟ್ಟಬೇಕು. ನಮ್ಮ ಬ್ಯಾಂಕಿನ ಒಟಿಪಿ ಅಷ್ಟರೊಳಗೆ ಬರಲೇ ಇಲ್ಲ. ಮತ್ತೆ ಆರಿಸಿದೆ, ಮತ್ತೆ ಕಾದೆ, ಒಟಿಪಿ ಬರುವಷ್ಟರಲ್ಲಿ ಬರ್ತ್ ಕೈತಪ್ಪಿತ್ತು. ಬ್ಯಾಂಕಿಗೆ ಫೋನ್ ಮಾಡಿದರೆ, "ಕಾರ್ಡ್‌ನಲ್ಲಿ ಏನೂ ತೊಂದರೆ ಇಲ್ಲ ಮೇಡಂ, ಮತ್ತೆ ಪ್ರಯತ್ನಿಸಿ" ಅಂತ ಅದೇ ಪಲ್ಲವಿ. ಕಡೆಗೆ ಬಾವೊಲಾವ್ ಅನ್ನೋ ಬುಕಿಂಗ್ ತಾಣದಲ್ಲಿ, ಇನ್ನೊಂದು ಕಾರ್ಡ್‌ನಲ್ಲಿ, ಕಮಿಷನ್ ಕೊಟ್ಟು ಮಾಡಿಸಿದೆ. ಟ್ವೆಲ್ವ್‌ಗೋ ಅಂತ ಇನ್ನೊಂದಿದೆ. ಕಮಿಷನ್ ಉಳಿಸಲೇಬೇಕು ಅಂದರೆ ಎರಡು ಬೇರೆ ಬೇರೆ ಬ್ಯಾಂಕಿನ ಕಾರ್ಡ್ ಪಕ್ಕದಲ್ಲಿ ಇಟ್ಟುಕೊಂಡು, ಎರಡರಲ್ಲೂ ಅಂತರರಾಷ್ಟ್ರೀಯ ವ್ಯವಹಾರ ಆನ್ ಮಾಡಿಕೊಂಡು ಕೂರಿ. ಫಾರಿನ್ ವ್ಯವಹಾರಕ್ಕೆ ಎಷ್ಟೋ ಕಾರ್ಡ್‌ಗಳು ಶೇ. 3.5ರವರೆಗೂ ಹೆಚ್ಚುವರಿ ಹಾಕುತ್ತವೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಯಾವ ಬರ್ತ್ ಅನ್ನೋದು ನಿಜಕ್ಕೂ ಮುಖ್ಯ. ನಾಲ್ಕು ಬರ್ತ್‌ನ ಕೂಪೆ ಇದೆ, ಅದಕ್ಕೆ ಸಾಫ್ಟ್ ಸ್ಲೀಪರ್ ಅಂತಾರೆ. ಆರು ಬರ್ತ್‌ನದು ಹಾರ್ಡ್ ಸ್ಲೀಪರ್. ಎರಡಕ್ಕೂ ಎಸಿ ಇದೆ, ಬಾಗಿಲಿದೆ. ಆರರದರಲ್ಲಿ ಮೇಲಿನ ಬರ್ತ್ ಅಂದರೆ ಮೂಗಿಗೆ ಛಾವಣಿ ತಾಗುತ್ತೇನೋ ಅನ್ನಿಸುತ್ತೆ, ಅದಕ್ಕೇ ಅದು ಅಗ್ಗ. ನಮ್ಮ ರೈಲಿನ ಹಾಗೆ ಮೇಲೆ ಹತ್ತೋಕೆ ಸರಿಯಾದ ಏಣಿ ಇರಲಿಲ್ಲ, ಗೋಡೆಯಿಂದ ಮಡಚಿ ತೆಗೆಯೋ ಒಂದು ಪುಟ್ಟ ಮೆಟ್ಟಿಲು, ಒಂದು ಹಿಡಿಕೆ. ನಾನೇ ಎರಡು ಸಲ ಯೋಚಿಸಿ ಹತ್ತಿದೆ. ದೊಡ್ಡವರಿಗೆ ಕೆಳಗಿನ ಬರ್ತ್ ಸಿಗದಿದ್ದರೆ ತಾರೀಖು ಬದಲಾಯಿಸಿ, ಹೋಗಿ ಅಡ್ಜಸ್ಟ್ ಮಾಡಿಕೊಳ್ಳೋಣ ಅಂತ ಹೊರಡಬೇಡಿ. ಕೆಳಗಿನದು ಮೇಲಿನದಕ್ಕಿಂತ ಸ್ವಲ್ಪ ದುಬಾರಿ. ನಾಲ್ಕರ ಕೂಪೆಯಲ್ಲಿ ಒಂದು ರಾತ್ರಿಗೆ ತಲೆಗೆ ಹತ್ತು ಲಕ್ಷ ಡಾಂಗ್ ಆಸುಪಾಸು ಆಯಿತು. ಗಾಬರಿಯಾಗಬೇಡಿ, ಒಂದು ರೂಪಾಯಿಗೆ ಹೆಚ್ಚುಕಮ್ಮಿ 300 ಡಾಂಗ್, ಅಂದರೆ ಮೂರೂವರೆ ಸಾವಿರದ ಒಳಗೆ.

ದುಡ್ಡಿನ ವಿಷಯ ಬಂತಲ್ಲ, ಇದನ್ನೂ ಹೇಳಿಬಿಡ್ತೀನಿ. 20 ಸಾವಿರದ ನೋಟೂ ನೀಲಿ, 5 ಲಕ್ಷದ ನೋಟೂ ನೀಲಿ. ಎರಡೂ ಪ್ಲಾಸ್ಟಿಕ್ ತರದ ನೋಟು, ಎರಡರ ಮೇಲೂ ಹೋ ಚಿ ಮಿನ್ ಮುಖ. ಹನೋಯ್ ಸ್ಟೇಷನ್ ಹತ್ತಿರ ಅಪ್ಪ ಚಹಾಕ್ಕೆ ಅಂತ 5 ಲಕ್ಷದ ನೋಟು ಚಾಚಿದರು. ಅಂಗಡಿಯಾಕೆ ಅದನ್ನು ಎರಡು ಬೆರಳಲ್ಲಿ ಹಿಡಿದು, ಸೊನ್ನೆಗಳನ್ನು ಒಂದೊಂದಾಗಿ ತೋರಿಸಿ, ಅಪ್ಪನ ಜೇಬಿಗೇ ವಾಪಸ್ ತುರುಕಿ, ಕೈಯಲ್ಲಿದ್ದ ಕಂತೆಯಿಂದ 20 ಸಾವಿರದ್ದು ಎಳೆದುಕೊಂಡಳು. ಎಲ್ಲರೂ ಹಾಗಿರುತ್ತಾರೆ ಅಂತ ಹೇಳೋಕಾಗಲ್ಲ. ಲಕ್ಷದ ನೋಟುಗಳನ್ನು ಬೇರೆ ಕವರ್‌ನಲ್ಲಿ ಇಡಿ. ಇಲ್ಲಿಂದ ಡಾಲರ್ ತಗೊಂಡು ಹೋಗಿ ಅಲ್ಲಿ ಬದಲಾಯಿಸಿದೆವು. ಮಡಚಿದ, ಗೀಚಿದ ಡಾಲರ್ ನೋಟು ತಗೊಳ್ಳೋಕೆ ಹಿಂದೆಮುಂದೆ ನೋಡುತ್ತಾರೆ.

ಊಟ. ಅಮ್ಮನ ದೊಡ್ಡ ಚಿಂತೆ ಇದೇ ಆಗಿತ್ತು. ತರಕಾರಿ ಕಂಡರೂ ನಂಬೋ ಹಾಗಿಲ್ಲ, ನುವೋಕ್ ಮಾಮ್ ಅನ್ನೋ ಮೀನಿನ ಸಾಸ್ ಎಲ್ಲದರಲ್ಲೂ ಬೀಳುತ್ತೆ. ರೈಲಿನಲ್ಲಿ ಗಾಡಿ ತಳ್ಳಿಕೊಂಡು ಅನ್ನ, ಗಂಜಿ, ಬೇಯಿಸಿದ ಮೊಟ್ಟೆ, ಜೋಳ ಮಾರುತ್ತಾ ಬರುತ್ತಾರೆ. ನಮಗೆ ಧೈರ್ಯವಾಗಿ ತಿನ್ನೋಕಾದದ್ದು ಜೋಳ, ಹಣ್ಣು ಮಾತ್ರ. ಆದರೆ ಪ್ರತಿ ಬೋಗಿಯ ಕೊನೆಯಲ್ಲಿ ಕುದಿಯೋ ನೀರಿನ ನಲ್ಲಿ ಇರುತ್ತೆ. ಅದೊಂದು ಇದ್ದರೆ ಕನ್ನಡದವರು ಬದುಕಿಕೊಳ್ಳುತ್ತಾರೆ. ಬಿಸಿನೀರು ಹಾಕಿ ಮುಚ್ಚಿಟ್ಟರೆ ಆಗೋ ಉಪ್ಪಿಟ್ಟು, ಅವಲಕ್ಕಿ ಪೊಟ್ಟಣಗಳು, ಚಟ್ನಿಪುಡಿ, ಗೊಜ್ಜವಲಕ್ಕಿ ಪುಡಿ, ಒಂದಷ್ಟು ಕೋಡುಬಳೆ ಒಯ್ದಿದ್ದೆವು. ಮುಚ್ಚಳ ಇರೋ ಸ್ಟೀಲ್ ಡಬ್ಬಿ ಮೂರು, ಚಮಚ ಮೂರು, ಒಂದು ಫ್ಲಾಸ್ಕ್ ಮರೀಬೇಡಿ. ಪ್ಲಾಸ್ಟಿಕ್ ಲೋಟದಲ್ಲಿ ಆ ನೀರು ಹಿಡಿದರೆ ಕೈ ಸುಡುತ್ತೆ.

ಊರುಗಳಲ್ಲಿ ಇಳಿದಾಗ ಮಾತ್ರ ತೊಂದರೆಯೇ ಆಗಲಿಲ್ಲ. ಬೋರ್ಡ್ ಮೇಲೆ ಚಾಯ್ (Chay) ಅಂತ ಬರೆದಿರುವ ಹೋಟೆಲ್ ಹುಡುಕಿ, ಚಹಾ ಅಲ್ಲ, ಅದು ಶುದ್ಧ ಸಸ್ಯಾಹಾರದ ಹೋಟೆಲ್. ಹುವೆ ಹಳೇ ರಾಜಧಾನಿ, ಬೌದ್ಧ ಮಠಗಳ ಊರು, ಅಲ್ಲಿ ಇಂಥವು ಬೇಕಾದಷ್ಟಿವೆ. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೇ ದಿನ ಅಲ್ಲಿನ ಎಷ್ಟೋ ಜನ ಮಾಂಸ ಮುಟ್ಟಲ್ಲ. ಅದು ಕೇಳಿದ ಮೇಲೆ ಅಮ್ಮನಿಗೆ ಆ ದೇಶದ ಮೇಲೆ ಗೌರವ ಜಾಸ್ತಿಯಾಯಿತು.

ಹನೋಯ್ ಸ್ಟೇಷನ್ನಿಗೆ ಒಂದು ಗಂಟೆ ಮುಂಚೆ ಹೋದೆವು. ಅಷ್ಟು ಸಾಕು. ಟಿಕೆಟ್‌ನ ಕ್ಯೂಆರ್ ಕೋಡ್ ಮೊಬೈಲ್‌ನಲ್ಲಿ ತೋರಿಸಿದರೂ ಆಗುತ್ತೆ, ಆದರೂ ಪ್ರಿಂಟ್ ಒಯ್ದಿದ್ದೆ, ಪಾಸ್‌ಪೋರ್ಟ್ ಮತ್ತು ವೀಸಾ ಪ್ರಿಂಟ್ ಕೂಡ ಅದರ ಜೊತೆಗೇ. ರೈಲಿನ ನಂಬರ್ ಎಸ್‌ಇ ಅಂತ ಶುರುವಾಗುತ್ತೆ. ಬೆಸ ಸಂಖ್ಯೆಯದ್ದು ದಕ್ಷಿಣಕ್ಕೆ, ಸಮ ಸಂಖ್ಯೆಯದ್ದು ಉತ್ತರಕ್ಕೆ. ಇದೊಂದು ಗೊತ್ತಿದ್ದರೆ ಅರ್ಧ ಗೊಂದಲ ಹೋಗುತ್ತೆ. ಸಮಯ ಅಲ್ಲಿನದು, ನಮಗಿಂತ ಒಂದೂವರೆ ಗಂಟೆ ಮುಂದೆ.

ಯಾರೂ ಹೇಳದೇ ಇದ್ದ ತೊಂದರೆ ಅಂದರೆ ಪ್ಲಾಟ್‌ಫಾರ್ಮ್. ತುಂಬಾ ತಗ್ಗು. ಬೋಗಿಯ ಮೆಟ್ಟಿಲುಗಳು ಕಡಿದಾಗಿ ಎತ್ತರಕ್ಕಿವೆ. ಅಮ್ಮ ಎರಡೂ ಕಡೆ ಹಿಡಿಕೆ ಹಿಡಿದು, ನಾನು ಹಿಂದಿನಿಂದ ಆಸರೆ ಕೊಟ್ಟು, ಬೋಗಿಯ ಅಟೆಂಡೆಂಟ್ ಹುಡುಗ ಮೇಲಿನಿಂದ ಕೈ ಕೊಟ್ಟು, ಹಂಗೂ ಹಿಂಗೂ ಹತ್ತಿಸಿದೆವು. ದೊಡ್ಡ ಸೂಟ್‌ಕೇಸ್ ಒಯ್ದಿದ್ದರೆ ಅವತ್ತು ಅಲ್ಲೇ ಅಳು ಬರುತ್ತಿತ್ತು. ಒಬ್ಬೊಬ್ಬರಿಗೆ ಒಂದು ಸಣ್ಣ ಬ್ಯಾಗ್, ಒಂದೇ ಕೈಯಲ್ಲಿ ಎತ್ತುವಂಥದ್ದು, ಅಷ್ಟಿರಲಿ. ಅದು ಕೆಳಗಿನ ಬರ್ತ್ ಅಡಿಗೆ ಹೋಗುತ್ತೆ.

ಕೂಪೆಯ ನಾಲ್ಕನೇ ಬರ್ತ್‌ಗೆ ಅಮ್ಮನ ವಯಸ್ಸಿನ ಒಬ್ಬರು ಬಂದರು. ಬಂದವರೇ ಚೀಲದಿಂದ ಚಕ್ಕೋತ ತೆಗೆದು, ಸಿಪ್ಪೆ ಬಿಡಿಸಿ, ತೊಳೆ ತೊಳೆಯಾಗಿ ಪೇಪರಿನ ಮೇಲೆ ಹರಡಿ, ಪಕ್ಕದಲ್ಲಿ ಒಂದು ಪುಟ್ಟ ಪೊಟ್ಟಣದಿಂದ ಉಪ್ಪು ಮೆಣಸಿನಕಾಯಿ ಪುಡಿ ಸುರಿದರು. ನಾವು ಮಾವಿನಕಾಯಿಗೆ ಉಪ್ಪುಖಾರ ಹಚ್ಚೋ ಹಾಗೆ ಅವರು ಚಕ್ಕೋತಕ್ಕೆ ಹಚ್ಚಿ ತಿನ್ನುತ್ತಾರೆ. ಅಮ್ಮ ಒಂದು ತೊಳೆ ತಿಂದು ನನ್ನ ಕಡೆ ತಿರುಗಿ, "ದೇವನಹಳ್ಳಿ ಚಕ್ಕೋತದಷ್ಟು ಹುಳಿ ಇಲ್ಲ ಕಣೇ" ಅಂದರು. ಭಾಷೆ ಬಾರದೇ ಇಬ್ಬರೂ ರಾತ್ರಿ ಹತ್ತರವರೆಗೆ ಮಾತಾಡಿದರು. ಏನು ಅಂತ ನನಗೆ ಗೊತ್ತಿಲ್ಲ.

ಹಾಸಿಗೆ ತೆಳು. ಹೊದಿಕೆ, ದಿಂಬು ಕೊಡುತ್ತಾರೆ, ಆದರೂ ಮನೆಯಿಂದ ಒಂದೊಂದು ಬೆಡ್‌ಶೀಟ್ ಒಯ್ದದ್ದು ನಿಶ್ಚಿಂತೆ ಆಯಿತು. ಎಸಿ ಚಳಿ ಹಿಡಿಸುತ್ತೆ, ಕಾಲುಚೀಲ ಬೇಕು. ಹಳಿ ಕಿರಿದಲ್ವಾ, ರೈಲು ಓಲಾಡುತ್ತೆ. ನನಗೆ ನಿದ್ದೆ ಅಷ್ಟಕ್ಕಷ್ಟೇ. ಅಪ್ಪ ಮಾತ್ರ ಚಕ್ರದ ಸದ್ದು ಕೇಳುತ್ತಾ ಗೊರಕೆ ಹೊಡೆದರು. ಟಾಯ್ಲೆಟ್ ಪೇಪರ್, ಸೋಪು ನಿಮ್ಮದೇ ಇಟ್ಟುಕೊಳ್ಳಿ, ಬೆಳಗಿನ ಹೊತ್ತಿಗೆ ಖಾಲಿ. ಚಾರ್ಜರ್ ಎರಡು ಪಿನ್ನಿನದಾದರೆ ಸಾಕು, ಮೂರು ಪಿನ್ನಿಗೆ ಅಡಾಪ್ಟರ್ ಬೇಕು.

ಹುವೆಯಿಂದ ದಾ ನಾಂಗ್‌ಗೆ ಹೋಗೋಕೆ ಎಸ್‌ಇ ರೈಲುಗಳೂ ಇವೆ, 2024ರ ಮಾರ್ಚ್‌ನಲ್ಲಿ ಪ್ರವಾಸಿಗರಿಗೆ ಅಂತಲೇ ಶುರು ಮಾಡಿದ ರೈಲೂ ಇದೆ. ನಾವು ಹಿಡಿದದ್ದು ಎರಡನೆಯದು. ಎರಡೂವರೆ ಮೂರು ಗಂಟೆ. ಟಿಕೆಟ್ ಐನೂರು ರೂಪಾಯಿ ಆಸುಪಾಸು. ದಕ್ಷಿಣಕ್ಕೆ ಹೋಗುವಾಗ ಸಮುದ್ರ ಎಡಗಡೆ. ಬೋಗಿ ಯಾವ ಮುಖ ಮಾಡಿ ನಿಂತಿರುತ್ತೋ ಮೊದಲೇ ಹೇಳೋಕಾಗಲ್ಲ, ಹಾಗಾಗಿ ಸೀಟ್ ನಂಬರ್ ನೋಡಿ ಎಡವೋ ಬಲವೋ ಅಂತ ತಲೆ ಕೆಡಿಸಿಕೊಳ್ಳಬೇಡಿ, ಬಲಗಡೆ ಸಿಕ್ಕರೂ ಬಾಗಿಲ ಹತ್ತಿರದ ಕಿಟಕಿಗೆ ಹೋಗಿ ನಿಲ್ಲಬಹುದು. ಲಾಂಗ್ ಕೋ ಆದ ಮೇಲೆ ರೈಲು ಹಾಯ್ ವಾನ್ ಘಾಟಿ ಹತ್ತುತ್ತೆ. ರಸ್ತೆಗೆ 2005ರಲ್ಲಿ ಉದ್ದದ ಸುರಂಗ ಆಯಿತು, ಕಾರು ಬಸ್ಸಿನವರು ಅದರೊಳಗೆ ಹಾದುಹೋಗಿಬಿಡುತ್ತಾರೆ, ಅವರಿಗೆ ಏನೂ ಕಾಣಲ್ಲ. ರೈಲಿಗೆ ಮಾತ್ರ ಹಳೇ ದಾರಿಯೇ. ಬೆಟ್ಟದ ಅಂಚನ್ನು ಹಿಡಿದು, ಪುಟ್ಟ ಪುಟ್ಟ ಸುರಂಗ ನುಗ್ಗಿ, ಆಮೆಗತಿಯಲ್ಲಿ ತಿರುಗುತ್ತೆ. ತಿರುವಿನಲ್ಲಿ ನಮ್ಮದೇ ಇಂಜಿನ್ನು ಕಾಣುತ್ತೆ, ಕೆಳಗೆ ಕಲ್ಲಿಗೆ ಬಡಿಯೋ ನೀರು. ಅಪ್ಪ ಸಕಲೇಶಪುರ ಘಾಟಿಯ ಜೊತೆ ಹೋಲಿಸೋಕೆ ಹೊರಟವರು ಅರ್ಧಕ್ಕೇ ಸುಮ್ಮನಾದರು. ಅಲ್ಲಿ ಸಮುದ್ರ ಇಲ್ಲವಲ್ಲ.

ಒಂದು ಎಚ್ಚರಿಕೆ. ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಈ ಮಧ್ಯಭಾಗದಲ್ಲಿ ಮಳೆ, ಚಂಡಮಾರುತ. ಹಳಿ ಮೇಲೆ ನೀರು ಬಂದು ರೈಲು ನಿಲ್ಲೋದು ಉಂಟು. ಮಳೆಗಾಲ ಅಲ್ಲದಿದ್ದರೂ, 2024ರ ಏಪ್ರಿಲ್‌ನಲ್ಲಿ ದಕ್ಷಿಣದ ಕಡೆ ಬಾಯ್ ಜೋ ಅನ್ನೋ ಸುರಂಗದೊಳಗೆ ಮಣ್ಣು ಕುಸಿದು ಲೈನು ಕೆಲವು ದಿನ ಕಡಿದೇ ಹೋಗಿತ್ತು. ಅದಕ್ಕೇ ಕೊನೆಯ ರೈಲು ಇಳಿದ ದಿನವೇ ಊರಿಗೆ ವಿಮಾನ ಇಟ್ಟುಕೊಳ್ಳಬೇಡಿ. ನಾವು ಒಂದು ದಿನ ಕೈಯಲ್ಲಿ ಇಟ್ಟುಕೊಂಡಿದ್ದೆವು.

ದಾ ನಾಂಗ್‌ನಿಂದ ಸೈಗಾನ್ ಹದಿನಾರು ಗಂಟೆಗೂ ಮೇಲೆ. ಮಧ್ಯಾಹ್ನ ಹತ್ತಿದರೆ ಸ್ವಲ್ಪ ಹೊತ್ತು ಗದ್ದೆ, ಎಮ್ಮೆ, ಸಮಾಧಿ, ಮತ್ತೆ ಗದ್ದೆ. ಆಮೇಲೆ ಕತ್ತಲು. ಹೇಳೋಕೆ ಹೆಚ್ಚೇನಿಲ್ಲ. ಅಮ್ಮನಿಗೆ ಈ ಹೊತ್ತಿಗೆ ಸಾಕಾಗಿತ್ತು. ನಿಮ್ಮ ಜೊತೆಯವರಿಗೂ ಹಾಗೆ ಆದರೆ ಈ ತುಂಡು ವಿಮಾನದಲ್ಲಿ ಹೋದರೂ ನಷ್ಟವಿಲ್ಲ ಅಂತ ನನ್ನ ಅಭಿಪ್ರಾಯ. ಅಪ್ಪ ಒಪ್ಪಲ್ಲ.

ಸೈಗಾನ್ ಸ್ಟೇಷನ್ ಊರಿನ ನಡುವೆಯೇ ಇದೆ. ಬೆಳಿಗ್ಗೆ ಬೆಳಿಗ್ಗೆಯೇ ಹೊರಗೆ ಟ್ಯಾಕ್ಸಿಯವರು ಮುತ್ತಿಕೊಳ್ಳುತ್ತಾರೆ. ರೈಲು ಇಳಿಯೋ ಮುಂಚೆ ಗ್ರಾಬ್ ಆ್ಯಪ್ ಹಾಕಿಕೊಂಡು, ಡೇಟಾ ಇರೋ ಸಿಮ್ ಇದ್ದರೆ ಗೇಟಿನ ಹೊರಗೆ ನಿಂತೇ ಗಾಡಿ ಕರೆಸಬಹುದು, ದರವೂ ಮೊದಲೇ ಗೊತ್ತಾಗುತ್ತೆ.

ಸೈಗಾನ್‌ನಲ್ಲೇ ವಿಮಾನ ಇಳಿದು ಉತ್ತರಕ್ಕೆ ಹೋಗೋರು ಇದನ್ನೆಲ್ಲ ತಿರುಗಾ ಮುರುಗಾ ಓದಿಕೊಳ್ಳಿ. ಸಮ ಸಂಖ್ಯೆಯ ರೈಲು, ದಾ ನಾಂಗ್‌ನಿಂದ ಹುವೆಗೆ ಹಗಲಿನದು, ಸಮುದ್ರ ಬಲಗಡೆ. ಇಳಿಯದೇ ನೇರ ಮುಂದೆ ಹೋಗೋದಾದರೆ ಇನ್ನೊಂದು ನೆನಪಿಡಿ: ದಾ ನಾಂಗ್‌ನಲ್ಲಿ ಹಳಿ ಮುಂದಕ್ಕೆ ಹೋಗಲ್ಲ, ಇಂಜಿನ್ನು ಆ ತುದಿಯಿಂದ ಈ ತುದಿಗೆ ಬಂದು ರೈಲು ಹಿಮ್ಮುಖವಾಗಿ ಹೊರಡುತ್ತೆ. ದಾ ನಾಂಗ್‌ವರೆಗೆ ಎಡಗಡೆ ಇದ್ದ ಕಿಟಕಿ ಅಲ್ಲಿಂದ ಮುಂದೆ ಬಲಗಡೆ ಆಗುತ್ತೆ.